ಅಳತೆ ಪುಸ್ತಕದ ಹೆಸರುಗಳು

ಮೂರ್ನಾಡಿನಲ್ಲಿ ನಾವಿದ್ದ ಮನೆಯ ಮುಂದಿನ ಕೋಣೆ ಅಪ್ಪನ ಟೈಲರ್ ಅಂಗಡಿ, ಹಿಂದಿನ ಎರಡು ಕೋಣೆ ನಮ್ಮ ಸಂಸಾರ. ನಡುವೆ ಬಾಗಿಲಿರಲಿಲ್ಲ, ಗಿರಾಕಿಗಳು ಬಿಟ್ಟುಹೋದ ತುಂಡುಗಳನ್ನು ಜೋಡಿಸಿ ಅಪ್ಪ ಹೊಲಿದಿದ್ದ ಪರದೆಯೊಂದು ತೂಗುತ್ತಿತ್ತು. ಅದರಲ್ಲಿ ತೋಟದ ಸಾಹುಕಾರರ ಸೂಟಿನ ಚೂರೂ ಇತ್ತು, ಎಸ್ಟೇಟಿನ ಕೂಲಿಯವರ ಲೈನುಮನೆಗಳ ಹೆಂಗಸರ ರವಿಕೆಯ ಚೂರೂ ಇತ್ತು. ಪರದೆಯ ಆಚೆ ಅಪ್ಪ ಕೊಡವರೊಂದಿಗೆ ಅವರ ಭಾಷೆಯಾದ ಕೊಡವ ತಕ್ಕನ್ನು, ಲೈನಿನವರೊಂದಿಗೆ ತಮಿಳನ್ನು, ಸಂತೆಯ ವ್ಯಾಪಾರಿಗಳೊಂದಿಗೆ ಮಲಯಾಳವನ್ನು, ಎಲ್ಲವನ್ನೂ ತಪ್ಪುತಪ್ಪಾಗಿ, ಯಾವ ಸಂಕೋಚವೂ ಇಲ್ಲದೆ ಆಡುತ್ತಿದ್ದ. ಪರದೆ ಸರಿಸಿ ಒಳಗೆ ಬಂದರೆ ಹಾಸನದ ಕಡೆಯ ನಮ್ಮ ಮಾತು. ಅಜ್ಜ ಅರಕಲಗೂಡಿನಿಂದ ಬಂದು ಕುಶಾಲನಗರದ ಬಳಿ ಬೇಸಾಯಕ್ಕೆ ನಿಂತವನು. ಅಪ್ಪ ನೇಗಿಲು ಬಿಟ್ಟು ಕತ್ತರಿ ಹಿಡಿದು ಇಲ್ಲಿಗೆ ಬಂದಿದ್ದ. ಹೆಸರು ಪುಟ್ಟಸ್ವಾಮಿ, ಊರಿಗೆಲ್ಲ ಟೈಲರ್ ಸ್ವಾಮಿ. ಗಿರಾಕಿಯ ಮುಖ ಮರೆತರೂ ಅವನಿಗೆ ಅಳತೆ ಮರೆಯುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ನಮಸ್ಕಾರ ಹೇಳಿ ಮುಂದೆ ಹೋದರೆ, ಭುಜ ಹದಿನೇಳು, ಎಡಗೈ ಅರ್ಧ ಇಂಚು ಉದ್ದ ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದ.

ಒಳಮನೆಯ ಜಗಳಗಳೆಲ್ಲ ಊಟದ ಸುತ್ತಲೇ. ಅಜ್ಜಿಗೆ ಮಧ್ಯಾಹ್ನ ಮುದ್ದೆ ಬೇಕೇ ಬೇಕು. ಅಕ್ಕಿ ಉಣ್ಣುವ ಸೀಮೆಗೆ ಬಂದು ಮಗನ ಮೈ ಸಡಿಲವಾಯಿತು ಎಂಬುದು ಅವಳ ದೂರು. ಅಮ್ಮನಿಗೆ ನೆರೆಯ ಹೆಂಗಸರಿಂದ ಕಲಿತ ಅಕ್ಕಿ ರೊಟ್ಟಿ, ಕಡಂಬುಟ್ಟು ಎಂಬ ಅಕ್ಕಿತರಿಯ ಉಂಡೆಗಳ ಮೇಲೆ ಆಸೆ. ಮಧ್ಯಾಹ್ನ ಅಜ್ಜಿಯದು, ಸಂಜೆ ಅಮ್ಮನದು ಎಂದು ಕೊನೆಗೆ ಅಪ್ಪನೇ ತೀರ್ಮಾನ ಮಾಡಿದ್ದ. ಎರಡು ಹೊತ್ತೂ ಇಬ್ಬರಿಗೂ ಕೇಳುವಂತೆ ಹೊಗಳಿ ಹೊಗಳಿ ಉಣ್ಣುತ್ತಿದ್ದ. ಸುಖ ಎಂದರೆ ನನಗೆ ಈಗಲೂ ನೆನಪಾಗುವುದು ಅದೇ. ಪರದೆಯ ಆಚೆ ಸದ್ದು ನಿಲ್ಲಿಸಿದ ಮಿಷನ್ನು, ಈಚೆ ನೆಲದ ಮೇಲೆ ನಾಲ್ಕು ತಟ್ಟೆ, ಹುರುಳಿ ಸಾರಿನ ವಾಸನೆ, ಕುತ್ತಿಗೆಯಿಂದ ಟೇಪು ತೆಗೆಯಲು ಮರೆತು ಚಕ್ಕಂಬಕ್ಕಳ ಹಾಕಿ ಕುಳಿತ ಅಪ್ಪ.

ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಅಂಥದ್ದೇ ಒಂದು ಮಧ್ಯಾಹ್ನ ಜೀಪು ಬಂದು ನಿಂತಿತು. ಒಳಗೆ ಬಂದ ಮೂವರೂ ಮಾಮೂಲಿ ಪ್ಯಾಂಟು ಶರ್ಟಿನಲ್ಲಿದ್ದರು. ಅಪ್ಪ ಗಿರಾಕಿಗಳೆಂದು ತಿಳಿದು ನಗುತ್ತಲೇ ಎದ್ದು ಹೋದ. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ.

"ಖಾಕಿ ಶರ್ಟು ಹನ್ನೆರಡು ಹೊಲಿದಿದ್ದೀಯಲ್ಲ, ಯಾರಿಗೆ?"

"ಎಸ್ಟೇಟ್ ವಾಚರ್‌ಗಳಿಗೆ ಅಂತ ಒಬ್ರು ಬಟ್ಟೆ ತಂದ್ಕೊಟ್ರು ಸಾರ್. ಅಳತೆ ಎಲ್ಲ ಬರ್ದಿದೀನಿ, ಪುಸ್ತಕದಲ್ಲೈತೆ ನೋಡಿ."

"ಆ ಪುಸ್ತಕನೂ ತಗೊ. ಬಾ, ಐದು ನಿಮಿಷದ ಕೆಲಸ."

ಅಜ್ಜಿ ಪರದೆ ಸರಿಸಿಕೊಂಡು ಬಂದಳು.

"ಉಂಡು ಬರ್ಲಿ ಸ್ವಾಮಿ. ಮುದ್ದೆ ಇಟ್ಟಾಗೈತೆ."

"ಬಂದು ಉಣ್ತಾನೆ ಬಿಡಮ್ಮ."

ಆ ಐದು ನಿಮಿಷ ನಾಲ್ಕು ವರ್ಷ ಏಳು ತಿಂಗಳಾಯಿತು. ಆ ಶರ್ಟುಗಳು ಕಾಡಿನಲ್ಲಿ ತಲೆಮರೆಸಿಕೊಂಡ ಒಂದು ಗುಂಪಿಗೆ ಹೋದವೆಂದು, ಅಪ್ಪ ಗೊತ್ತಿದ್ದೇ ಹೊಲಿದುಕೊಟ್ಟನೆಂದು ಅವರ ಆರೋಪ. ಬಟ್ಟೆ ತಂದವನು ಯಾರು, ಶರ್ಟುಗಳು ಹೋದದ್ದೆಲ್ಲಿಗೆ, ನಮಗೆ ಇವತ್ತಿಗೂ ಗೊತ್ತಿಲ್ಲ. ಆಗ ಅಂಥ ಕೇಸುಗಳಿಗೆಂದೇ ಒಂದು ಕಾನೂನಿತ್ತು. ಅದರಡಿ ಸಿಕ್ಕಿಬಿದ್ದವನಿಗೆ ಜಾಮೀನು ಸಿಗುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ವಿಚಾರಣೆ ಯಾವಾಗ ಶುರು ಎಂದು ಕೇಳುವ ದಾರಿಯೂ ಇಲ್ಲ. ಕೋರ್ಟಿನವರು ತಾರೀಖು ಕೊಡುತ್ತಿದ್ದುದು ನಿಜ. ಆದರೆ ಆ ತಾರೀಖಿಗೆ ಅಪ್ಪನನ್ನು ವ್ಯಾನಿನಲ್ಲಿ ಕರೆತಂದು, ಇನ್ನೊಂದು ತಾರೀಖು ಬರೆದು, ಬಯಲುಸೀಮೆಯ ಅದೇ ಜೈಲಿಗೆ ವಾಪಸ್ ಒಯ್ಯುತ್ತಿದ್ದರು. ಅಮ್ಮ ಮೊದಮೊದಲು ಪ್ರತಿ ತಾರೀಖಿನ ಹಿಂದಿನ ದಿನ ಮನೆ ಸಾರಿಸಿ, ಅಪ್ಪನ ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದಳು. ಎರಡನೆಯ ವರ್ಷ ಅದನ್ನು ಬಿಟ್ಟಳು. ಭೇಟಿಗೆ ಹೋದರೆ ಎರಡು ಸಾಲು ಕಬ್ಬಿಣದ ಜಾಲರಿ, ನಡುವೆ ಆಳುದ್ದದ ಜಾಗ. ಎಲ್ಲರೂ ಒಟ್ಟಿಗೇ ಕೂಗುತ್ತಿದ್ದುದರಿಂದ ಅಪ್ಪನ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ನಾನು ಒಂದನೇ ರ‍್ಯಾಂಕು ಬಂದೆನೆಂದು ಎರಡು ಸಲ ಕಿರುಚಿದೆ. ಅವನು ಕಿವಿಗೆ ಕೈ ಹಚ್ಚಿಕೊಂಡು ಇನ್ನೊಮ್ಮೆ ಹೇಳು ಎಂಬಂತೆ ನೋಡುತ್ತಿರುವಾಗಲೇ ಹೊತ್ತು ಮುಗಿಯಿತು.

ಅಂಗಡಿಯಲ್ಲಿ ಹೊಲಿಯಲು ಬಿಟ್ಟ ಬಟ್ಟೆಗಳನ್ನು ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ಒಯ್ದರು. ಯಾರೂ ಕೆಟ್ಟ ಮಾತಾಡಲಿಲ್ಲ. ಕಣ್ಣು ತಪ್ಪಿಸಿ, ಅರ್ಧ ಕತ್ತರಿಸಿದ್ದನ್ನೂ ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದರು. ಕೊನೆಗೆ ಉಳಿದದ್ದು ಮೇಲಿನ ರಸ್ತೆಯ ತಂಗಮ್ಮನ ಉದ್ದ ತೋಳಿನ ಬ್ಲೌಸಿನ ಬಟ್ಟೆ. ದೊಡ್ಡ ಕೊಡವ ಮನೆತನದ ಹೆಂಗಸು, ಮಾತು ಬಿರುಸು. ಅವಳು ಬಂದಾಗ ಅಮ್ಮ ಬಟ್ಟೆ ತಂದು ಮುಂದಿಟ್ಟಳು.

"ತಗೊಂಡು ಹೋಗಿ ಅಕ್ಕ. ಅವ್ರು ಯಾವಾಗ ಬರ್ತಾರೋ ಗೊತ್ತಿಲ್ಲ."

"ನಾನು ವಾಪಸ್ ಕೇಳಿದ್ನಾ? ನೀನು ಹೊಲಿ."

"ನಂಗೆ ಬರಲ್ಲ ಅಕ್ಕ."

"ಗೊತ್ತುಂಟು. ಹಾಳು ಮಾಡಿದ್ರೆ ಇನ್ನೊಂದು ಬಟ್ಟೆ ತರ್ತೇನೆ. ಅದೂ ಹಾಳಾದ್ರೆ ಮತ್ತೊಂದು. ಮಿಷನ್ ಸುಮ್ನೆ ಕೂತ್ರೆ ತುಕ್ಕು ಹಿಡೀತದೆ, ಮಾರಾಯ್ತಿ."

ಅಮ್ಮ ನಿಜಕ್ಕೂ ಎರಡು ಬಟ್ಟೆ ಹಾಳು ಮಾಡಿದಳು. ಮೂರನೆಯದನ್ನು ತಂಗಮ್ಮ ತೊಟ್ಟುಕೊಂಡು ಸಂತೆಯ ದಿನ ಇಡೀ ಮೂರ್ನಾಡು ಸುತ್ತಿದಳು. ಒಂದು ಭುಜ ಮೇಲೆ, ಒಂದು ಕೆಳಗೆ ಇದ್ದದ್ದು ಯಾರಿಗೂ ಕಾಣದಿರಲಿಲ್ಲ. ಅವಳ ಎದುರು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಹಾಗೆ ಅಮ್ಮ ಟೈಲರ್ ಆದಳು. ಮನೆಯಲ್ಲಿ ಮತ್ತೆ ಪೆಡಲಿನ ಸದ್ದು ಹುಟ್ಟಿತು, ಆದರೆ ಲಯ ಬೇರೆ. ಅಪ್ಪನದು ಒಂದೇ ಸಮನೆ ಸುರಿಯುವ ಸದ್ದು. ಅಮ್ಮನದು ನಿಂತು, ಯೋಚಿಸಿ, ಮತ್ತೆ ಹೊರಡುವ ಸದ್ದು.

ಅಜ್ಜಿಗೂ ಅಮ್ಮನಿಗೂ ಈಗ ಊಟದ ಜಗಳ ನಿಂತು ಬೇರೆ ಜಗಳ ಶುರುವಾಯಿತು. ಮಗ ಬೊಂಬಾಯಿಯ ಕಾರ್ಖಾನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಾನೆ ಎಂದು ಅಜ್ಜಿ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಊರಿಗೇ ಗೊತ್ತಿದ್ದ ವಿಷಯವನ್ನು ಮುಚ್ಚಿಡುವ ಈ ಸುಳ್ಳು ಅಮ್ಮನಿಗೆ ಸಹಿಸದು. ನನ್ನ ಶಾಲೆಯ ಫಾರಂನಲ್ಲಿ ತಂದೆಯ ಉದ್ಯೋಗ ಬರೆಯುವ ಜಾಗ ಬಂದಾಗ ಇಬ್ಬರೂ ಒಲೆಯ ಮುಂದೆ ಕಿತ್ತಾಡಿದರು.

"ಬೊಂಬಾಯಿ ಅಂತ ಬರಿ ಮಗ," ಅಂದಳು ಅಜ್ಜಿ.

"ಟೈಲರ್ ಅಂತ ಬರಿ. ಅವ್ರು ಎಲ್ಲೇ ಇದ್ರೂ ಟೈಲರ್ರೇ," ಅಂದಳು ಅಮ್ಮ.

"ಜನ ನಗ್ತಾರೆ ಕಣೇ ರತ್ನ."

"ನಗ್ಲಿ ಅತ್ತೆ. ಆ ಹಿಂದಿನ ಲೈನಿನ ಲಕ್ಷ್ಮಿ ಗಂಡ ಕೊಲೆ ಮಾಡಿ ಒಳಗವ್ನೆ. ಅವ್ಳನ್ನ ಕೇಳಿ, ಯಾವ ವರ್ಷ, ಯಾವ ತಿಂಗ್ಳು ಬಿಡ್ತಾರೆ ಅಂತ ಬಾಯಲ್ಲೇ ಹೇಳ್ತಾಳೆ. ಗೋಡೆ ಮೇಲೆ ಗೀಟು ಹಾಕ್ಕೊಂಡವ್ಳೆ. ಕೊಂದವನ ಹೆಂಡ್ತಿಗೆ ಒಂದು ದಿನ ಅಂತ ಐತೆ. ನಂಗೆ ಯಾವ ದಿನ ಐತೆ ಹೇಳಿ? ನೀವೂ ಸುಳ್ಳು ಹೇಳಿ ನಂಗೆ ಇರೋ ನಿಜನೂ ತೆಗೀಬೇಡಿ."

ನಾನು ಟೈಲರ್ ಎಂದು ಬರೆದೆ. ಆವರೆಗೆ ದಿನವೂ ಅಪ್ಪ ಯಾವಾಗ ಬರ್ತಾನೆ ಎಂದು ಕೇಳುತ್ತಿದ್ದವಳು ಅಂದಿನಿಂದ ಕೇಳುವುದನ್ನು ನಿಲ್ಲಿಸಿದೆ. ಅಮ್ಮನಿಗೆ ಉತ್ತರ ಗೊತ್ತಿದ್ದೂ ಹೇಳುತ್ತಿಲ್ಲ ಎಂದುಕೊಂಡಿದ್ದೆ. ಅವಳಿಗೂ ಗೊತ್ತಿಲ್ಲ ಎಂದು ತಿಳಿದ ದಿನ ನನ್ನ ಬಾಲ್ಯದ ಒಂದು ಭಾಗ ಮುಗಿಯಿತು.

ಅಪ್ಪ ಬಂದದ್ದು ಒಂದು ಬೆಳಿಗ್ಗೆ, ಮಡಿಕೇರಿ ಬಸ್ಸಿನಲ್ಲಿ, ಒಬ್ಬನೇ. ಅವನ ಮೇಲೆ ಹೇಳುವಂಥದ್ದೇನೂ ಸಿಗಲಿಲ್ಲವೆಂದು ಆರೋಪಿಗಳ ಪಟ್ಟಿಯಿಂದ ಹೆಸರು ತೆಗೆದಿದ್ದರು. ಹಾಗೆಂದು ಹೇಳುವ ಒಂದು ಹಾಳೆ ಜೇಬಿನಲ್ಲಿತ್ತು. ಅಂಗಡಿಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಅಲ್ಲೇ ನಿಂತಿದ್ದ. ಅಮ್ಮ ಮಿಷನ್ನಿನಿಂದ ತಲೆಯೆತ್ತಿ ನೋಡಿ, ಗುರುತು ಸಿಗದೆ, ಏನು ಬೇಕಿತ್ತು ಎಂದು ಕೇಳಿದಳು. ಆ ಮಾತಿಗಾಗಿ ಅವಳು ತನ್ನನ್ನು ತಾನು ಎಂದೂ ಕ್ಷಮಿಸಿಕೊಳ್ಳಲಿಲ್ಲ. ಅಪ್ಪ ಮಾತ್ರ ಅದನ್ನು ತಮಾಷೆಯಾಗಿ ಹೇಳುತ್ತಿದ್ದ. ಒಳಗೆ ಬರಲೇ ಎಂದು ಅವನು ಕೇಳಿದ್ದನ್ನು ಯಾರೂ ತಮಾಷೆಯಾಗಿ ಹೇಳಲಿಲ್ಲ.

ಬಂದವನು ಮನೆಗೆ ಪೂರ್ತಿ ಬರಲು ಬಹಳ ಕಾಲ ಹಿಡಿಯಿತು. ಹಿತ್ತಲಿಗೆ ಹೋಗುವಾಗಲೂ ಅಪ್ಪಣೆ ಕೇಳುವಂತೆ ಅಮ್ಮನ ಮುಖ ನೋಡುತ್ತಿದ್ದ. ಬಾಗಿಲ ಚಿಲಕ ಹಾಕಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ನಮ್ಮ ಮನೆಯಲ್ಲಿ ಚಿಲಕ ಹಾಕುವುದೇ ನಿಂತಿತು. ಸಂಜೆ ಆರು ಗಂಟೆಯ ಹೊತ್ತಿಗೆ ಏನು ಮಾಡುತ್ತಿದ್ದರೂ ಬಿಟ್ಟು, ಹಿತ್ತಲ ಗೋಡೆಗೆ ಬೆನ್ನು ಕೊಟ್ಟು ಕುಕ್ಕುರುಗಾಲಿನಲ್ಲಿ ಕೂರುತ್ತಿದ್ದ. ಅದು ಜೈಲಿನಲ್ಲಿ ತಲೆ ಎಣಿಸುವ ಹೊತ್ತು ಎಂದು ನನಗೆ ಆಮೇಲೆ ತಿಳಿಯಿತು. ಎದ್ದೇಳು ಎಂದು ಅಮ್ಮ ಎಷ್ಟು ಹೇಳಿದರೂ ಅವನ ಕಾಲು ಕೇಳುತ್ತಿರಲಿಲ್ಲ. ಒಂದು ಸಂಜೆ ಅಜ್ಜಿ ಹೋಗಿ, ಮಂಡಿ ಹಿಡಿದುಕೊಂಡು ಕಷ್ಟಪಟ್ಟು, ಅವನ ಪಕ್ಕದಲ್ಲೇ ಹಾಗೆಯೇ ಕುಳಿತಳು. ಏನೂ ಕೇಳಲಿಲ್ಲ. ಮಡಿಲಿನ ಅವರೆಕಾಯಿ ಬಿಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಅಪ್ಪನ ಕೈಯೂ ಅವರೆಕಾಯಿಗೆ ಹೋಯಿತು. ಆಮೇಲೆ ನಮ್ಮ ಮನೆಯಲ್ಲಿ ಸಂಜೆ ಆರಕ್ಕೆ ಏನಾದರೊಂದು ಬಿಡಿಸುವ, ಆರಿಸುವ ಕೆಲಸ ಇದ್ದೇ ಇರುತ್ತಿತ್ತು. ಮಿಷನ್ನಿನ ಮುಂದೆ ಅವನು ಕೂರಲಿಲ್ಲ. ಕತ್ತರಿಯನ್ನೂ ಮುಟ್ಟಲಿಲ್ಲ. ಅಮ್ಮ ಹೊಲಿದದ್ದಕ್ಕೆ ಗುಂಡಿ ಹಚ್ಚುತ್ತ, ಕಾಜಾ ಮಾಡುತ್ತ ಪರದೆಯ ಹತ್ತಿರ ಇರುತ್ತಿದ್ದ. ಯಾರಾದರೂ ಮೆಟ್ಟಿಲು ಹತ್ತಿದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದ.

ಎಂಟು ತಿಂಗಳು ಕಳೆದ ಮೇಲೆ ಒಂದು ಹೆಂಗಸು ಬಂದಳು. ಮುತ್ತಿ ಎಂದು ಹೆಸರು, ಕಾಡಂಚಿನ ಬುಡಕಟ್ಟಿನವರ ಹಾಡಿಯವಳು. ಅವಳ ಗಂಡ ಕರಿಯ ಜೇನು ಕೀಳುವವನು. ಕಾಡಿನಲ್ಲಿ ಅಡಗಿದ್ದ ಆ ಗುಂಪಿಗೆ ದಾರಿ ತೋರಿಸಿದ ಎಂದು ಅದೇ ಕೇಸಿನಲ್ಲಿ ಹಿಡಿದಿದ್ದರು. ಮೂರ್ನಾಡಿನ ಟೈಲರನ್ನು ಬಿಟ್ಟಿದ್ದಾರೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಎರಡು ಬಸ್ಸು ಬದಲಿಸಿ ಹುಡುಕಿಕೊಂಡು ಬಂದಿದ್ದಳು. ಅಪ್ಪ ಆಗಲೇ ಪರದೆಯ ಹಿಂದೆ ಸರಿದಿದ್ದ. ನಾನು ಅವನ ಪಕ್ಕದಲ್ಲೇ ಇದ್ದೆ.

"ಟೈಲರಣ್ಣ ಇದ್ದಾರಾ ಅಮ್ಮಾವ್ರೆ? ಒಂದೇ ಮಾತು ಕೇಳ್ಬೇಕಿತ್ತು. ನಮ್ಮವ್ನು ಅದಾನೋ, ಸತ್ನೋ ಅಂತ."

"ಅವ್ರು ಊರಲ್ಲಿಲ್ಲ ಕಣಮ್ಮ," ಅಂದಳು ಅಮ್ಮ.

"ಯಾವಾಗ ಬರ್ತಾರೆ?"

"ಗೊತ್ತಿಲ್ಲ."

ಆ ಗೊತ್ತಿಲ್ಲ ಎಂಬ ಮಾತು ಅಮ್ಮನ ಬಾಯಿಂದಲೇ ಬಂದದ್ದು ನನ್ನನ್ನು ಇರಿಯಿತು. ನಾಲ್ಕೂವರೆ ವರ್ಷ ನಾವು ಆ ಮಾತನ್ನು ಎಷ್ಟು ಕಿಟಕಿಗಳಲ್ಲಿ, ಎಷ್ಟು ಮೇಜುಗಳ ಆಚೆಯಿಂದ ಕೇಳಿದ್ದೆವು! ಅಪ್ಪ ನನ್ನ ಕೈ ಹಿಡಿದುಕೊಂಡಿದ್ದ. ಮುತ್ತಿ ಮೆಟ್ಟಿಲು ಇಳಿಯುವುದು ಕಾಣಿಸಿತು. ನಾನು ಕೈ ಬಿಡಿಸಿಕೊಂಡು ಪರದೆಯನ್ನು ಪೂರ್ತಿ ಎಳೆದುಬಿಟ್ಟೆ.

"ಇಲ್ಲೇ ಅವ್ನೆ ನಮ್ಮಪ್ಪ. ಒಳಗೇ ಅವ್ನೆ."

ಅಮ್ಮ ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅಪ್ಪ ತಲೆ ತಗ್ಗಿಸಿ ಹೊರಗೆ ಬಂದ. ಮುತ್ತಿ ಮೇಲೆ ಬರಲಿಲ್ಲ, ಕೆಳಗೇ ನಿಂತು ಅವನ ಕಾಲನ್ನೇ ನೋಡುತ್ತಿದ್ದಳು.

"ಅವ್ನೆ ತಾಯಿ, ಅವ್ನೆ," ಅಂದ ಅಪ್ಪ. "ನನ್ ಪಕ್ಕದಲ್ಲೇ ಮಲಗ್ತಿದ್ದ. ಹೊರಗೆ ಬರೋ ದಿನ ನನ್ ಅಂಗಿ ಹಿಡ್ಕೊಂಡು, ನನ್ ಹೆಣ್ತಿಗೆ ಹೇಳು ಅಂದ. ನಾನು ಬಂದು ಹೇಳ್ಬೇಕಿತ್ತು. ಮೂರು ಸಲ ಬಸ್ಸು ಹತ್ತಿ ಇಳಿದ್ಬಿಟ್ಟೆ. ತಪ್ಪಾಯ್ತು."

ಮುತ್ತಿ ಆಗ ಅತ್ತಳು. ಭೇಟಿಗೆ ಹೋದಾಗಲೆಲ್ಲ ಹೆಂಡತಿಯೆಂದು ತೋರಿಸುವ ಕಾಗದ ತಾ ಎಂದು ಗೇಟಿನಲ್ಲೇ ತಿರುಗಿಸಿ ಕಳುಹಿಸಿದ್ದರಂತೆ. ಹಿಡಿದುಕೊಂಡು ಹೋದ ದಿನದಿಂದ ಅವಳು ಕರಿಯನ ಮುಖ ಕಂಡಿರಲಿಲ್ಲ. ಅಪ್ಪ ಮೆಟ್ಟಿಲ ಮೇಲೆಯೇ ಕುಳಿತು ಕರಿಯ ಏನು ತಿನ್ನುತ್ತಾನೆ, ಯಾವ ಮಗ್ಗುಲಿಗೆ ಮಲಗುತ್ತಾನೆ, ಮಕ್ಕಳಲ್ಲಿ ಯಾರ ಹೆಸರನ್ನು ಹೆಚ್ಚು ಹೇಳುತ್ತಾನೆ ಎಂದು ಒಂದೊಂದಾಗಿ ಹೇಳಿದ. ಮನೆಗೆ ಬಂದ ಮೇಲೆ ಅಪ್ಪ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಮುತ್ತಿಗೆ ಉಣ್ಣಲು ಬಡಿಸಿದಳು. ಅವಳು ಹೋದ ಮೇಲೆ ಅಪ್ಪ ನನ್ನನ್ನು ಕರೆದ.

"ಸವಿತ, ಒಂದು ಹೊಸಾ ಪುಸ್ತಕ ತಾ. ನಾನು ಹೇಳ್ತೀನಿ, ನೀನು ಬರಿ."

ಹಳೆಯ ಅಳತೆ ಪುಸ್ತಕವನ್ನು ಜೀಪಿನವರು ಒಯ್ದಿದ್ದರಲ್ಲ, ಅಂಥದ್ದೇ ಉದ್ದದ ಪುಸ್ತಕ ತಂದೆ. ಅಪ್ಪ ಕಣ್ಣು ಮುಚ್ಚಿ, ಸಂಜೆಯ ಎಣಿಕೆಗೆ ಕೂರುತ್ತಿದ್ದ ಸಾಲಿನ ಪ್ರಕಾರವೇ ಹೆಸರು ಹೇಳುತ್ತ ಹೋದ. ಹೆಸರು, ಊರು, ಹಿಡಿದ ದಿನ, ಮನೆಯಲ್ಲಿ ಯಾರಿದ್ದಾರೆ. ಅದರ ಜೊತೆಗೆ ಎದೆ, ಸೊಂಟ, ಭುಜ. ನನಗೆ ಅರ್ಥವಾಗಲಿಲ್ಲ. ಒಳಗಿದ್ದವರು ತಮ್ಮ ಅಂಗಿ ಸಡಿಲವಾಗಿದೆ, ಸ್ವಲ್ಪ ಹಿಡಿದು ಹೊಲಿದುಕೊಡು ಎಂದು ಟೈಲರನ ಹತ್ತಿರ ಬರುತ್ತಿದ್ದರಂತೆ. ಒಳ್ಳೆಯ ಮನಸ್ಸಿನ ವಾರ್ಡರೊಬ್ಬ ಸೂಜಿ ಕೊಟ್ಟಿದ್ದ. ಕಂಬಳಿಯಿಂದ ದಾರ ಎಳೆದು, ಗೇಣಿನಲ್ಲಿ ಅಂದಾಜು ಮಾಡಿ ಗಂಟು ಹಾಕಿ, ಅಪ್ಪ ಅಳತೆ ತೆಗೆಯುತ್ತಿದ್ದ. ವರ್ಷ ಕಳೆದು ಅವರೇ ಮತ್ತೆ ಬರುತ್ತಿದ್ದರು, ಅಂಗಿ ಮತ್ತೆ ಸಡಿಲ. ಕರಿಯನ ಎದೆ ಮೂವತ್ತಾರು, ಆಮೇಲೆ ಮೂವತ್ತಮೂರು, ಆಮೇಲೆ ಮೂವತ್ತೊಂದು. ನಾನು ಕೆಳಗೆ ಕೆಳಗೆ ಬರೆಯುತ್ತ ಹೋದೆ. ನನ್ನ ಅಕ್ಷರ ದುಂಡಗಿದೆ ಎಂದು ಮೇಷ್ಟರು ಹೊಗಳುತ್ತಿದ್ದರು. ಆ ದುಂಡಗಿನ ಅಕ್ಷರದಲ್ಲಿ ಮನುಷ್ಯರು ಸವೆಯುವುದನ್ನು ಬರೆದೆ.

ಅಮ್ಮ ಆ ಪುಸ್ತಕವನ್ನು ಕಂಡ ದಿನ ಮನೆ ರಣರಂಗವಾಯಿತು. ಕಿತ್ತುಕೊಂಡು ರಾಗಿ ಡಬ್ಬದ ಒಳಗೆ ಹಾಕಿ ಮುಚ್ಚಳ ಒತ್ತಿದಳು.

"ಮತ್ತೆ ಜೀಪು ಬಂದ್ರೆ? ಈ ಸಲ ಈ ಪುಸ್ತಕನೇ ಸಾಕ್ಷಿ ಅಂತಾರೆ. ಮಗೀನ ಕೈಬರಹ ಬೇರೆ!"

"ಬರ್ಲಿ ಬಿಡು ರತ್ನ."

"ಬರ್ಲಿ ಬಿಡು? ಒಳಗಿದ್ದೋರು ನೀವು, ಬರ್ಲಿ ಅಂತೀರ. ಹೊರಗೆ ನಿಂತಿದ್ದೋಳು ನಾನು. ಇನ್ನೊಂದು ಸಲ ನಿಲ್ಲಕ್ಕೆ ನನ್ ಕಾಲಲ್ಲಿ ಆಗಲ್ಲ."

ಅಮ್ಮನದು ತಪ್ಪೆಂದು ಆಗ ನನಗನ್ನಿಸಿತ್ತು. ನನಗೂ ಮಕ್ಕಳಾದ ಮೇಲೆ ಹಾಗನ್ನಿಸುವುದಿಲ್ಲ.

ಎರಡು ವಾರದ ನಂತರ ಮುತ್ತಿ ಮತ್ತೆ ಬಂದಳು, ಜೊತೆಗೆ ಇನ್ನಿಬ್ಬರು ಹೆಂಗಸರು. ಅಪ್ಪ ಅವರವರ ಗಂಡಂದಿರ ಸುದ್ದಿ ಹೇಳುತ್ತಿದ್ದ. ಅಮ್ಮ ಬೆನ್ನು ತಿರುಗಿಸಿ ಮಿಷನ್ ತುಳಿಯುತ್ತಿದ್ದಳು. ಅವರಲ್ಲೊಬ್ಬಳು, ಇನ್ನೂ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು, ಎದ್ದು ಹೋಗಿ ಅಮ್ಮನ ಪಕ್ಕ ನಿಂತಳು.

"ಅಕ್ಕ, ಅಣ್ಣ ಒಳಗಿದ್ದಾಗ ನೀವು ಹೆಂಗಿದ್ರಿ? ನಿಮ್ಗೆ ನಿದ್ದೆ ಬರ್ತಿತ್ತಾ?"

ಪೆಡಲು ನಿಂತಿತು. ಅಷ್ಟು ವರ್ಷದಲ್ಲಿ ಅಪ್ಪ ಹೇಗಿದ್ದಾನೆಂದು ಕೇಳಿದವರಿದ್ದರು, ಕೇಸು ಏನಾಯಿತೆಂದು ಕೇಳಿದವರಿದ್ದರು. ಅಮ್ಮನಿಗೆ ನಿದ್ದೆ ಬರುತ್ತಿತ್ತೇ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಮ್ಮ ಸೂಜಿಯ ಕೆಳಗಿನ ಬಟ್ಟೆಯನ್ನೇ ನೋಡುತ್ತ ಕುಳಿತಳು. ಆಮೇಲೆ ಎದ್ದು ಒಳಗೆ ಹೋಗಿ, ಮೊಣಕೈವರೆಗೆ ರಾಗಿ ಹಿಟ್ಟು ಮೆತ್ತಿಕೊಂಡು, ಪುಸ್ತಕ ಝಾಡಿಸುತ್ತ ಬಂದು ನನ್ನ ಮುಂದಿಟ್ಟಳು.

"ಬರ್ಕೊ. ಗಂಡಸರ ಹೆಸ್ರಿನ ಕೆಳಗೆ ಇವ್ರ ಹೆಸ್ರೂ ಬರಿ. ಇವ್ರೂ ಒಳಗೇ ಅವ್ರೆ."

ವಿರಾಜಪೇಟೆಯಲ್ಲಿ ಒಬ್ಬ ವಯಸ್ಸಾದ ವಕೀಲರಿದ್ದರು. ಪುಸ್ತಕವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಇದು ಅಂಗಡಿಯಲ್ಲಿ ಇರತಕ್ಕದ್ದಲ್ಲ ಎಂದರು. ಅವರ ಓಡಾಟದಿಂದ ಮಾರನೆಯ ವರ್ಷ ಮಡಿಕೇರಿಯ ಒಂದು ಸಭಾಂಗಣದಲ್ಲಿ, ನಿವೃತ್ತ ನ್ಯಾಯಾಧೀಶರೊಬ್ಬರ ಮುಂದೆ, ವಿಚಾರಣೆಯಿಲ್ಲದೆ ಒಳಗಿದ್ದವರ ಮನೆಯವರು ಬಂದು ಹೇಳಿಕೊಳ್ಳುವ ಸಭೆ ಏರ್ಪಟ್ಟಿತು. ಮೊದಲು ಮಾತಾಡಬೇಕಾದವನು ಅಪ್ಪ. ಅಮ್ಮ ಅವನಿಗೆ ಬಿಳಿ ಶರ್ಟು ಹೊಲಿದಿದ್ದಳು. ಹೆಸರು ಕರೆದಾಗ ಎದ್ದು ಹೋದ. ಮೈಕಿನ ಮುಂದೆ ಪಾದಗಳನ್ನು ಜೋಡಿಸಿ, ಕೈ ಹಿಂದೆ ಕಟ್ಟಿ, ಕತ್ತು ತಗ್ಗಿಸಿ ನಿಂತುಬಿಟ್ಟ. ಒಂದು ನಿಮಿಷ, ಎರಡು ನಿಮಿಷ. ಧ್ವನಿ ಹೊರಡಲಿಲ್ಲ. ಹಿಂದಿನ ಸಾಲಿನಲ್ಲಿ ಇಬ್ಬರು ಪೊಲೀಸರು ಕುಳಿತಿದ್ದರು. ನನ್ನ ಪಕ್ಕದ ಕುರ್ಚಿ ಸರಿದ ಸದ್ದಾಯಿತು. ಅಮ್ಮ ಎದ್ದಿದ್ದಳು. ಮೈಕಿನವರೆಗೆ ಹೋಗದೆ, ಹೆಂಗಸರ ಸಾಲಿನಿಂದಲೇ ಮಾತಾಡಿದಳು.

"ನನ್ ಹೆಸ್ರು ರತ್ನಮ್ಮ ಸ್ವಾಮಿ. ಅವ್ರ ಹೆಂಡ್ತಿ. ನಾನು ಓದಿದೋಳಲ್ಲ. ತಪ್ಪು ಮಾಡಿದ್ರೆ ಶಿಕ್ಷೆ ಕೊಡಿ, ನಾವು ಬ್ಯಾಡ ಅನ್ನಲ್ಲ. ಶಿಕ್ಷೆಗೊಂದು ಕೊನೆ ಇರ್ತದೆ. ನಮ್ಮೋರಿಗೆ ಶಿಕ್ಷೆನೂ ಕೊಡ್ಲಿಲ್ಲ, ತಪ್ಪಿಲ್ಲ ಅಂತನೂ ಅನ್ಲಿಲ್ಲ, ಸುಮ್ನೆ ಇಟ್ಕೊಂಡ್ರು. ನನ್ ಮಗ್ಳು ದಿನಾ ಕೇಳೋಳು, ಅಪ್ಪ ಯಾವಾಗ ಬರ್ತಾನೆ ಅಂತ. ಒಂದಿನ ಕೇಳೋದು ಬಿಟ್ಲು. ಅವತ್ತು ನಂಗೆ ಆದ ಭಯ, ಅವ್ರನ್ನ ಹಿಡ್ಕೊಂಡು ಹೋದಾಗ್ಲೂ ಆಗಿರ್ಲಿಲ್ಲ. ಬಿಡಿ ಅಂತ ಕೇಳಕ್ಕೆ ನಾನು ಬಂದಿಲ್ಲ. ಇಲ್ಲಿ ಕೂತಿರೋ ಇಷ್ಟು ಜನ ಹೆಂಗಸ್ರಿಗೆ ಒಂದು ದಿನ ಹೇಳಿ. ಇಂಥ ದಿನ ಕೋರ್ಟು ಕೇಳ್ತದೆ ಅಂತ."

ಅವಳು ಕುಳಿತಳು. ನಾನು ಅವಳ ಕೈ ಹಿಡಿದುಕೊಂಡೆ. ನ್ಯಾಯಾಧೀಶರು ಮೇಜಿನ ಮೇಲಿದ್ದ ನಮ್ಮ ಪುಸ್ತಕ ತಿರುವಿ, ಅಪ್ಪನ ಕಡೆ ನೋಡಿದರು.

"ಇದೇನಪ್ಪ ಇದು, ಮೂವತ್ತಾರು, ಮೂವತ್ತಮೂರು, ಮೂವತ್ತೊಂದು?"

ಕೇಳಿದ್ದು ಕಸುಬಿನ ಪ್ರಶ್ನೆ. ಅಪ್ಪನ ಕತ್ತು ಮೇಲೆದ್ದಿತು.

"ಅದು ಎದೆ ಸುತ್ತಳತೆ ಸಾರ್. ಕರಿಯ ಅಂತ. ಮೊದಲ್ನೇದು ಬಂದಾಗ, ಕೊನೇದು ನಾನು ಬಿಟ್ಟು ಬಂದಾಗ. ದಾರದಲ್ಲಿ ತೆಗೆದಿದ್ದು, ಅರ್ಧ ಇಂಚು ಹೆಚ್ಚುಕಡಿಮೆ ಇರ್ಬೋದು. ಅದಕ್ಕಿಂತ ತಪ್ಪಿರಲ್ಲ."

ಆಮೇಲೆ ಅವನು ಮುಕ್ಕಾಲು ಗಂಟೆ ಮಾತಾಡಿದ. ಒಬ್ಬೊಬ್ಬರ ಹೆಸರು ಹೇಳಿ, ಅವರ ಅಂಗಿ ಹೇಗೆ ಸಡಿಲವಾಯಿತೆಂದು ಹೇಳುತ್ತ ಹೋದ. ಬೈಗುಳವಿಲ್ಲ, ಅಳುವಿಲ್ಲ. ಹಿಂದಿನ ಸಾಲಿನ ಪೊಲೀಸರಲ್ಲೊಬ್ಬ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡದ್ದನ್ನು ನಾನು ನೋಡಿದೆ.

ಅದರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನ್ಯಾಯಾಧೀಶರ ವರದಿ ಹೋಯಿತು, ಪತ್ರಿಕೆಗಳಲ್ಲಿ ಬಂತು, ವಕೀಲರು ಅದನ್ನು ಹಿಡಿದು ಕೋರ್ಟಿನಿಂದ ಕೋರ್ಟಿಗೆ ಅಲೆದರು. ಕೆಲವರಿಗೆ ಜಾಮೀನಾಯಿತು, ಕೆಲವರ ವಿಚಾರಣೆ ಕೊನೆಗೂ ಶುರುವಾಯಿತು. ಇಬ್ಬರು ಅದಕ್ಕೂ ಮೊದಲೇ ಒಳಗೇ ತೀರಿಕೊಂಡಿದ್ದರು. ಅವರ ಹೆಸರುಗಳ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಆ ಜಾಗವನ್ನು ಖಾಲಿ ಬಿಟ್ಟೆ. ಕರಿಯ ಮಾರನೆಯ ಬೇಸಿಗೆಯಲ್ಲಿ ಹೊರಗೆ ಬಂದ. ಕಾಡಿಗೆ ಮತ್ತೆ ಹೋಗಲಿಲ್ಲ, ಮರ ಹತ್ತುವ ಕಸುವು ಉಳಿದಿರಲಿಲ್ಲ. ಯಾರೂ ಅವನ ಹತ್ತಿರವಾಗಲಿ ಅಪ್ಪನ ಹತ್ತಿರವಾಗಲಿ ಬಂದು ತಪ್ಪಾಯಿತು ಎನ್ನಲಿಲ್ಲ. ಆದರೆ ನಮ್ಮ ಮನೆಯ ಭಾನುವಾರಗಳು ಬದಲಾದವು. ಎಲ್ಲೆಲ್ಲಿಂದಲೋ ಜನ ಬರತೊಡಗಿದರು. ಬೇರೆ ಕೇಸು, ಬೇರೆ ಕಾನೂನು, ಬೇರೆ ಭಾಷೆ. ಕೇಳುವ ಪ್ರಶ್ನೆ ಒಂದೇ. ಅಪ್ಪ ವಕೀಲರಿಗೆ ಕಾಗದ ಹೊಂದಿಸುತ್ತಿದ್ದ. ಅಮ್ಮ ಮತ್ತು ಮುತ್ತಿ ಬರಲಾಗದವರ ಮನೆಗಳಿಗೆ ಬಸ್ಸು ಹತ್ತುತ್ತಿದ್ದರು. ರಜೆಯಿದ್ದಾಗ ಬರೆಯುವುದಕ್ಕೆಂದು ನಾನೂ ಜೊತೆಗೆ ಹೋಗುತ್ತಿದ್ದೆ.

ಹಾಗೆ ಒಮ್ಮೆ ಸಂಪಾಜೆಗೆ ಹೋದೆವು. ನನಗೆ ಹದಿನಾರು ವರ್ಷ. ರಸ್ತೆಯಿಂದ ಕೆಳಗಿಳಿದರೆ ಹೆಂಚಿನ ಸಣ್ಣ ಮನೆ. ಕಮಲ ಎಂಬ ಹೆಂಗಸು, ಎರಡು ಚಿಕ್ಕ ಹೆಣ್ಣುಮಕ್ಕಳು. ಗಂಡನನ್ನು ಕರೆದುಕೊಂಡು ಹೋಗಿ ಒಂಬತ್ತು ದಿನವಾಗಿತ್ತು. ನಾನು ಪುಸ್ತಕ ತೆರೆದು, ಹೆಸರು, ಊರು ಎಂದು ಕೇಳಲು ಸಿದ್ಧಳಾದೆ. ಕಮಲ ನನ್ನತ್ತ ನೋಡಲೇ ಇಲ್ಲ. ಅಮ್ಮನ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮವ್ರು ಬಂದ್ರಲ್ಲ ಅಕ್ಕ. ಇವ್ರು ಯಾವಾಗ ಬರ್ತಾರೆ?"

ಬೇಗ ಬರ್ತಾರೆ ಎಂದು ಅಮ್ಮ ಹೇಳುತ್ತಾಳೆಂದು ಕಾದೆ. ಬೇರೆ ಯಾರೇ ಆಗಿದ್ದರೂ ಹೇಳುತ್ತಿದ್ದರು. ನಾನೇ ಹೇಳಿಬಿಡುತ್ತಿದ್ದೆನೇನೋ. ಅಮ್ಮ ಸುತ್ತ ನೋಡಿದಳು. ಮೂಲೆಯಲ್ಲಿ ಆ ಮಕ್ಕಳು ಬಿಸ್ಕತ್ತಿನ ಪೊಟ್ಟಣವೊಂದನ್ನು ಹರಿದು ಹಂಚಿಕೊಳ್ಳುತ್ತಿದ್ದವು. ಅಮ್ಮ ಕೈ ಬಿಡಿಸಿಕೊಳ್ಳದೆ, ಮೆಲ್ಲಗೆ ಕೇಳಿದಳು.

"ಅಕ್ಕಿ ಎಲ್ಲಿಟ್ಟಿದೀಯ ಕಮಲ?"

ಕಮಲ ಅರ್ಥವಾಗದೆ ನೋಡಿದಳು. ಮುತ್ತಿ ಆಗಲೇ ಎದ್ದು ಒಲೆಯ ಬೂದಿ ತೆಗೆಯುತ್ತಿದ್ದಳು. ಬೂದಿ ತಣ್ಣಗಿತ್ತು. ಅಮ್ಮ ನನ್ನ ಕಡೆ ತಿರುಗಿ, ಪುಸ್ತಕ ಮುಚ್ಚು ಎಂದು ಕಣ್ಣಲ್ಲೇ ಹೇಳಿದಳು. ನಾನು ಪುಸ್ತಕ ಮುಚ್ಚಿ, ಮೊರ ಹುಡುಕಿ ಅಕ್ಕಿ ಆರಿಸಲು ಕುಳಿತೆ. ಹಿರಿಯ ಮಗು ಬಂದು ನನ್ನ ಪಕ್ಕ ಕುಳಿತು ಒಂದು ಕಲ್ಲು ಹೆಕ್ಕಿ ತೋರಿಸಿತು. ಅನ್ನವಾಗಿ, ಮನೆಯಲ್ಲಿದ್ದ ಎರಡು ಬದನೆಕಾಯಿಯ ಗೊಜ್ಜಾಗಿ, ಮಕ್ಕಳು ಉಂಡರು. ಕಮಲ ಬೇಡ ಬೇಡ ಎನ್ನುತ್ತಲೇ ಒಂದು ತುತ್ತು ಬಾಯಿಗಿಟ್ಟು, ಆಮೇಲೆ ತಟ್ಟೆ ಮುಗಿಸಿ, ಇನ್ನಷ್ಟು ಹಾಕಿಸಿಕೊಂಡಳು. ಕೈ ತೊಳೆದು ಬಂದು ಸೆರಗಿನಲ್ಲಿ ಒರೆಸಿಕೊಂಡು, ಈ ಸಲ ನನ್ನ ಎದುರಿಗೆ ಕುಳಿತಳು.

"ಬರ್ಕೊ ತಂಗಿ," ಅಂದಳು. ಗಂಡನ ಹೆಸರು ಹೇಳಿದಳು.